ಉಕ್ಕಿನ ಇಂಗಾಲದ ಲೆಕ್ಕ: ಹೋಲಿಕೆಗೆ ಬೇಕಾದ ಅಳತೆಗೋಲು

ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಂದಿಗೆ ಬೆಸೆದುಕೊಂಡಿರುತ್ತದೆ. ಆ ಆಮ್ಲಜನಕವನ್ನು ಕಳಚಲು ಏನನ್ನು ಬಳಸಲಾಗುತ್ತದೆ ಎಂಬುದೇ ಉಕ್ಕು ಉದ್ಯಮದ ಹಸಿರುಮನೆ ಅನಿಲಗಳ ಮೂಲ ಪ್ರಶ್ನೆ. ಇಂಗಾಲವನ್ನು ಬಳಸಿದರೆ, ಕುಲುಮೆ ಎಷ್ಟೇ ದಕ್ಷವಾಗಿರಲಿ, ಹೆಮಟೈಟ್ ಅದಿರಿನಿಂದ ಒಂದು ಟನ್ ಕಬ್ಬಿಣ ತೆಗೆಯುವ ರಾಸಾಯನಿಕ ಕ್ರಿಯೆಯೊಂದರಿಂದಲೇ ಸುಮಾರು 0.6 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕುಲುಮೆ ಕಾಯಿಸುವ ಇಂಧನದ ಹೊಗೆ ಇದರ ಮೇಲೆ ಸೇರುತ್ತದೆ.

ಜಗತ್ತಿನ ಸುಮಾರು ಶೇಕಡಾ 70ರಷ್ಟು ಉಕ್ಕು ಊದುಕುಲುಮೆಯ ಮಾರ್ಗದಿಂದ ಬರುತ್ತದೆ. ಕೋಕ್ ತಯಾರಿಕೆ, ಅದಿರಿನ ಸಿಂಟರ್, ಬೀಡು ಕಬ್ಬಿಣ, ಕೊನೆಗೆ ಆಮ್ಲಜನಕ ಊದಿ ಉಕ್ಕಾಗಿಸುವ ಹಂತ, ಇವೆಲ್ಲ ಸೇರಿ ಟನ್ನಿಗೆ 2.2 ಟನ್ನಿನಷ್ಟು ಡೈಆಕ್ಸೈಡ್ ಹೊಮ್ಮಿಸುತ್ತವೆ. ನೈಸರ್ಗಿಕ ಅನಿಲದಿಂದ ಸ್ಪಾಂಜ್ ಐರನ್ ಮಾಡಿ ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಈ ಪ್ರಮಾಣ 1.4ರ ಆಸುಪಾಸಿಗೆ ಇಳಿಯುತ್ತದೆ. ಅನಿಲದಲ್ಲಿರುವ ಜಲಜನಕವೂ ಅರ್ಧ ಕೆಲಸ ಹಂಚಿಕೊಳ್ಳುವುದೇ ಇದಕ್ಕೆ ಕಾರಣ. ಬಳ್ಳಾರಿ, ಕೊಪ್ಪಳದಲ್ಲಿರುವಂಥ ಕಲ್ಲಿದ್ದಲು ಆಧಾರಿತ ಘಟಕಗಳ ಕಥೆ ಬೇರೆ. ಅಲ್ಲಿ ತಯಾರಾಗುವುದೂ ಸ್ಪಾಂಜ್ ಐರನ್ನೇ, ಆದರೆ ಅದರಿಂದ ಮಾಡಿದ ಉಕ್ಕಿನ ಹೊರಸೂಸುವಿಕೆ ಹಲವೆಡೆ ಊದುಕುಲುಮೆಯದನ್ನೂ ಮೀರುತ್ತದೆ.

ಗುಜರಿ ಉಕ್ಕಿನಲ್ಲಿ ಕಳಚಬೇಕಾದ ಆಮ್ಲಜನಕವೇ ಇಲ್ಲ. ಒಂದು ಟನ್ ಕರಗಿಸಲು ಸುಮಾರು 450 ಯೂನಿಟ್ ವಿದ್ಯುತ್ ಸಾಕು. ಭಾರತದ ಜಾಲದಲ್ಲಿ ಯೂನಿಟ್ಟಿಗೆ 0.7 ಕಿಲೋಗ್ರಾಂ ಡೈಆಕ್ಸೈಡ್ ಎಂದು ಹಿಡಿದರೂ ಆ ವಿದ್ಯುತ್ತಿನ ಪಾಲು 0.3 ಟನ್ ಮಾತ್ರ. ಆದರೆ ಬೇಡಿಕೆ ಬೆಳೆಯುತ್ತಿರುವ ದೇಶಕ್ಕೆ ಹಳೆಯ ಉಕ್ಕು ಸಾಲದು. ಅದಿರಿನ ದಾರಿ ತಪ್ಪಿದ್ದಲ್ಲ.

ಜಲಜನಕದಿಂದ ಅದಿರನ್ನು ಅಪಕರ್ಷಿಸಿದರೆ ಉಳಿಯುವುದು ನೀರಾವಿ. ಸ್ವೀಡನ್ನಿನ ಲುಲಿಯೊದಲ್ಲಿ ಹೈಬ್ರಿಟ್ ಪ್ರಾಯೋಗಿಕ ಘಟಕ 2021ರಲ್ಲಿ ಇದನ್ನು ಮಾಡಿ ತೋರಿಸಿತು. ಒಂದು ಟನ್ ಕಬ್ಬಿಣಕ್ಕೆ ಕನಿಷ್ಠ 54 ಕಿಲೋಗ್ರಾಂ ಜಲಜನಕ ಬೇಕು; ನೀರನ್ನು ವಿಭಜಿಸಿ ಅದನ್ನು ಪಡೆಯಲು ಸುಮಾರು 2,800 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. ಜಲವಿದ್ಯುತ್ತು, ಗಾಳಿವಿದ್ಯುತ್ತು ಬಳಸಿದರೆ ಹೊರಸೂಸುವಿಕೆ ಶೂನ್ಯದ ಹತ್ತಿರ ಬರುತ್ತದೆ. ಅದೇ ಯಂತ್ರವನ್ನು ಭಾರತದ ಇಂದಿನ ಜಾಲಕ್ಕೆ ಜೋಡಿಸಿದರೆ ಜಲಜನಕದ ಬಾಬ್ತೊಂದೇ ಸುಮಾರು 2 ಟನ್, ಅಂದರೆ ಹೆಚ್ಚುಕಡಿಮೆ ಊದುಕುಲುಮೆಯಷ್ಟೇ.

ಆದ್ದರಿಂದ ವಿಧಾನದ ಹೆಸರು ನೋಡಿ ತೀರ್ಪು ಕೊಡಲಾಗದು. ಲೆಕ್ಕದ ಗಡಿಯನ್ನು ಮೊದಲು ಗೊತ್ತುಪಡಿಸಬೇಕು. 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಪ್ರಕಟಿಸಿದ ಹಸಿರು ಉಕ್ಕಿನ ವರ್ಗೀಕರಣವು ಸಿದ್ಧ ಉಕ್ಕಿನ ಟನ್ನಿಗೆ 2.2 ಟನ್ನಿನ ಮಿತಿ ಹಾಕಿದೆ. ಕೊಳ್ಳುವ ವಿದ್ಯುತ್ತು, ಕೋಕ್, ಸಿಂಟರ್ ಅದರ ಲೆಕ್ಕಕ್ಕೆ ಬರುತ್ತವೆ. ಗಣಿಗಾರಿಕೆ ಮತ್ತು ಸಾಗಣೆ ಬರುವುದಿಲ್ಲ. ಹೀಗಾಗಿ ಕಲ್ಲಿದ್ದಲು ಗಣಿಯಿಂದ ಸೋರುವ ಮೀಥೇನ್ ಹೊರಗುಳಿಯುತ್ತದೆ. ಸಿಮೆಂಟಿಗೆ ಹೋಗುವ ಕಿಟ್ಟದ ಉಳಿತಾಯ ಯಾರ ಖಾತೆಗೆ ಸೇರಬೇಕು ಎಂಬುದೂ ಇಂಥದೇ ಪ್ರಶ್ನೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕುಲುಮೆ ಮಲೆನಾಡಿನ ಮರದ ಇದ್ದಿಲನ್ನು ಉರಿಸುತ್ತಿತ್ತು. ಅಂಥ ಇದ್ದಿಲು ಇಂಗಾಲಮುಕ್ತ ಎನಿಸಬೇಕಾದರೆ ಕಡಿದಷ್ಟು ಕಾಡು ಮತ್ತೆ ಬೆಳೆದಿರಬೇಕು.

ಈ ವಿಚಾರ ಸಂಕಿರಣದ ಆಶಯವೂ ಇದೇ: ಮಂಡನೆಯಾಗುವ ಪ್ರತಿ ಅಂಕಿಯೂ ತನ್ನ ಗಡಿ, ವಿದ್ಯುತ್ತಿನ ಮೂಲ ಮತ್ತು ಗುಜರಿಯ ಪಾಲನ್ನು ಜೊತೆಗೇ ಹೇಳಬೇಕು. ಆಗ ಮಾತ್ರ ಹೋಲಿಕೆ ನ್ಯಾಯವಾಗಿರುತ್ತದೆ, ಹೂಡಿಕೆ ಸರಿಯಾದ ಕುಲುಮೆಗೆ ಸಲ್ಲುತ್ತದೆ.