ಹೆಸರು ಯಾವ ರಿಜಿಸ್ಟರಿಗೆ ಸೇರುತ್ತದೆ?

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)

ಟ್ರಸ್ಟಿನ ಅಧ್ಯಕ್ಷರೇ, ದಾನಿಗಳೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿಂದ ಬಂದಿರುವ ತಂದೆ ತಾಯಂದಿರೇ, ಪ್ರೀತಿಯ ಮಕ್ಕಳೇ,

ಮುಂದೆ ಏನಾಗುತ್ತೀರಿ ಎಂದು ಕೇಳಿದರೆ ಇಲ್ಲಿರುವ ಎಷ್ಟೋ ಮಕ್ಕಳು ಡಾಕ್ಟರ್ ಎನ್ನುತ್ತಾರೆ. ಸಂತೋಷ. ಆದರೆ ಒಬ್ಬರು ಡಾಕ್ಟರ್ ಆಗುವುದು ಯಾವಾಗ? ಕಾಲೇಜಿಗೆ ಸೇರಿದ ದಿನವಲ್ಲ, ಬಿಳಿ ಕೋಟು ಹಾಕಿದ ದಿನವೂ ಅಲ್ಲ. ಓದು, ಇಂಟರ್ನ್‌ಶಿಪ್ ಮುಗಿಸಿ ವೈದ್ಯಕೀಯ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಬರೆಸಿದ ದಿನ.

ಈ ಮಾತು ನಮಗೆ ಹೊಸದಲ್ಲ. ಕಲಿಯದೆ ಔಷಧ ಕೊಟ್ಟು ಹಾನಿ ಮಾಡಿದವನು ಅದಕ್ಕೆ ಹೊಣೆಗಾರ ಎಂಬುದು ಪ್ರವಾದಿಯವರ (ಸ) ಬೋಧನೆ. ಕ್ರಿ.ಶ. 931ರಲ್ಲಿ ಬಾಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್ ಅವರಿಗೆ ಮುಟ್ಟಿತು. ಪರೀಕ್ಷೆ ಪಾಸಾಗದವರು ವೈದ್ಯ ಮಾಡಬಾರದೆಂದು ಆಜ್ಞೆಯಾಯಿತು. ಸಿನಾನ್ ಇಬ್ನ್ ಸಾಬಿತ್ ಎಂಬ ವೈದ್ಯರು 860ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದರೆಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ.

ನಮ್ಮ ಸೀಮೆಗೆ ರಿಜಿಸ್ಟರ್ ಬಂದದ್ದು ಮದ್ರಾಸಿನಿಂದ. 1953ರವರೆಗೆ ಬಳ್ಳಾರಿ ಜಿಲ್ಲೆ ಆ ಪ್ರಾಂತಕ್ಕೆ ಸೇರಿತ್ತಲ್ಲವೇ? 1914ರ ಮದ್ರಾಸ್ ವೈದ್ಯಕೀಯ ನೋಂದಣಿ ಕಾಯ್ದೆಯ ಪಟ್ಟಿಯಲ್ಲಿ ಇಂಗ್ಲಿಷ್ ವೈದ್ಯ ಕಲಿತವರಿಗೆ ಜಾಗ ಸಿಕ್ಕಿತು. ಹಕೀಮರೂ ಪಂಡಿತರೂ ಹೊರಗುಳಿದರು. ಅವರ ವಿದ್ಯೆಯನ್ನು ವಿಚಾರಿಸಲು 1921ರಲ್ಲಿ ಮುಹಮ್ಮದ್ ಉಸ್ಮಾನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 1923ರಲ್ಲಿ ವರದಿ ಬಂತು. ಅದರ ಬೆನ್ನಿಗೇ ಆಯುರ್ವೇದ, ಸಿದ್ಧ, ಯುನಾನಿ ಕಲಿಸುವ ಶಾಲೆ ಮದ್ರಾಸಿನಲ್ಲಿ ಶುರುವಾಯಿತು. ವಿದ್ಯೆಗೆ ಗೌರವ ಬೇಕಾದರೆ ಅದಕ್ಕೆ ಪಾಠ, ಪರೀಕ್ಷೆ, ಲೆಕ್ಕ ಇರಬೇಕು ಎಂಬುದನ್ನು ಹಿರಿಯರು ಆಗಲೇ ತಿಳಿದಿದ್ದರು.

ಇಂದು ಎಂ.ಬಿ.ಬಿ.ಎಸ್. ಶಿಕ್ಷಣವನ್ನು 2019ರ ಕಾಯ್ದೆಯಂತೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೋಡಿಕೊಳ್ಳುತ್ತದೆ. ಆಯುರ್ವೇದ, ಯುನಾನಿಗೆ ಬೇರೆ ಆಯೋಗವಿದೆ. ನಮ್ಮ ರಾಜ್ಯದ ಎಂ.ಬಿ.ಬಿ.ಎಸ್. ವೈದ್ಯರ ಹೆಸರು ಇರುವುದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ. ತಪ್ಪು ನಡತೆ ಸಾಬೀತಾದರೆ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರವೂ ಪರಿಷತ್ತಿಗಿದೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು 2007ರ ರಾಜ್ಯ ಕಾಯ್ದೆಯಡಿ ನೋಂದಣಿ ಆಗಿರಬೇಕು; ಅದಕ್ಕೆ ಜಿಲ್ಲಾಧಿಕಾರಿಗಳೇ ಮುಖ್ಯಸ್ಥರಾದ ಪ್ರಾಧಿಕಾರವಿದೆ.

ಸೂಜಿ ಮಾಡುವವರೆಲ್ಲ ಡಾಕ್ಟರಲ್ಲ. ಹೋಮಿಯೋಪಥಿ ಓದಿದವರೊಬ್ಬರು ಇಂಗ್ಲಿಷ್ ಔಷಧ ಕೊಟ್ಟು ರೋಗಿ ತೀರಿಕೊಂಡ ಪ್ರಕರಣದಲ್ಲಿ, ತಾನು ಕಲಿಯದ ಪದ್ಧತಿಯ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದ್ದರಿಂದ ಗೋಡೆಯ ಮೇಲಿನ ನೋಂದಣಿ ಪತ್ರ ನೋಡಿ, ನಂಬರ್ ಕೇಳಿ. ಕೇಳಿದರೆ ಅಗೌರವವಲ್ಲ, ನಿಜವಾದ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ಫೀಸು ಕಟ್ಟುವ ತಾಯ್ತಂದೆಯರಿಗೆ. ಒಡವೆ ಅಡವಿಟ್ಟು, ಹೊಲ ಮಾರಿ ದುಡ್ಡು ಕೊಡುವ ಮೊದಲು ವಿಚಾರಿಸಿ. ವಿದೇಶದಲ್ಲಿ ಎಂ.ಬಿ.ಬಿ.ಎಸ್. ಓದುವವರಿಗೆ 2021ರ ನಿಯಮಗಳಿವೆ: ಕನಿಷ್ಠ 54 ತಿಂಗಳ ಓದು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಆ ದೇಶದಲ್ಲೂ ವೈದ್ಯ ಮಾಡಲು ಅರ್ಹತೆ. ಹಿಂದಿರುಗಿದ ಮೇಲೆ ಇಲ್ಲಿಯ ಪರೀಕ್ಷೆಯನ್ನೂ ಪಾಸಾಗಬೇಕು. ಏಜೆಂಟರು ಸೀಟಿನ ಮಾತಾಡುತ್ತಾರೆ, ನೀವು ರಿಜಿಸ್ಟರಿನ ಮಾತಾಡಿ. ನರ್ಸಿಂಗ್, ಫಾರ್ಮಸಿಗೂ ಇದೇ ಮಾತು. ಅವಕ್ಕೂ ತಮ್ಮದೇ ಪರಿಷತ್ತುಗಳಿವೆ.

ದಾನಿಗಳು ಕೊಟ್ಟ ಝಕಾತ್, ಸದಕಾ ನಮ್ಮ ಕೈಯಲ್ಲಿರುವ ಅಮಾನತ್ತು. ಮಾನ್ಯತೆಯಿಲ್ಲದ ಕೋರ್ಸಿಗೆ ಹೋದರೆ ಹಣವೂ ಹೋಯಿತು, ಮಗುವಿನ ವರ್ಷಗಳೂ ಹೋದವು. ಆದ್ದರಿಂದ ಟ್ರಸ್ಟಿಗೆ ನನ್ನ ವಿನಂತಿ ಒಂದೇ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳ ಅರ್ಜಿ ನಮೂನೆಯಲ್ಲಿ ಒಂದು ಸಾಲು ಸೇರಿಸಿ: "ಈ ಕೋರ್ಸ್ ಮುಗಿದ ಮೇಲೆ ವಿದ್ಯಾರ್ಥಿಯ ಹೆಸರು ಯಾವ ಪರಿಷತ್ತಿನ ರಿಜಿಸ್ಟರಿಗೆ ಸೇರುತ್ತದೆ?" ಉತ್ತರ ಬರೆಯಲು ಹೊರಟವರು ತಾವಾಗಿಯೇ ವಿಚಾರಿಸುತ್ತಾರೆ.

ನಮ್ಮ ಮಕ್ಕಳಿಗೆ ಜನರಿಗೆ ಉಪಯೋಗವಾಗುವ ವಿದ್ಯೆಯನ್ನು ಅಲ್ಲಾಹನು ದಯಪಾಲಿಸಲಿ. ಆಮೀನ್.