ಹಲಸಿಯ ತಾಮ್ರಪಟದಿಂದ ಅಂಗೈ ಮೊಬೈಲಿನವರೆಗೆ



ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕೆ. ಐದನೆಯ ಶತಮಾನದಲ್ಲಿ ಕದಂಬ ವಂಶದ ಕಾಕುಸ್ಥವರ್ಮ ತನ್ನ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟ ತಾಮ್ರಪಟ ಅಲ್ಲೇ ಸಿಕ್ಕಿತು. ಭಾಷೆ ಸಂಸ್ಕೃತ. ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ. ಆ ಹೊಲ ಉತ್ತವರ ಮಾತಿಲ್ಲ. ಮಾಧ್ಯಮದ ಚರಿತ್ರೆ ಓದುವಾಗಲೆಲ್ಲ ನಾನು ಎರಡು ಪ್ರಶ್ನೆ ಕೇಳುತ್ತೇನೆ: ಯಾರ ಮಾತು ದಾಖಲಾಯಿತು? ಎಷ್ಟು ಕಾಲ ಉಳಿಯಿತು?

ಆ ಪ್ರಶ್ನೆಗಳೊಂದಿಗೆ ಗಣಕದ ಕಾಲಕ್ಕೆ ಬರೋಣ. ಗಣಕದಲ್ಲಿ ಕನ್ನಡದ ಮೊದಲ ಹೋರಾಟ ಅಕ್ಷರಕ್ಕಾಗಿ ನಡೆಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಡಿಟಿಪಿ ಅಂಗಡಿಗೂ ಸರ್ಕಾರಿ ಕಚೇರಿಗೂ ಕನ್ನಡ ಬಂತು. ಆದರೆ ಒಂದು ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಡೆ ಓದಲು ಬರುತ್ತಿರಲಿಲ್ಲ. ಯೂನಿಕೋಡ್ ಆ ತೊಡಕನ್ನು ನೀಗಿಸಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಆದರೂ 2011ರ ಮಾರ್ಚ್‌ನಲ್ಲಿ ಇದೇ ಬೆಳಗಾವಿಯಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆದಾಗ, ಬಂದವರ ಎಷ್ಟೋ ಮೊಬೈಲುಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ.

ನಮ್ಮ ಸೀಮೆಯನ್ನು ನಿಜವಾಗಿ ಬದಲಿಸಿದ್ದು ದನಿ. ಶ್ರೀಕೃಷ್ಣ ಪಾರಿಜಾತದ ಆಟ, ಭಜನೆ, ಗೀಗೀ ಪದ ಮೊದಲು ಕ್ಯಾಸೆಟ್ಟಿಗೆ ಬಂದವು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ಕಾಲ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಹೊಲದ ಬದುವಿನಲ್ಲೂ ಯೂಟ್ಯೂಬ್ ಹಾಡತೊಡಗಿತು. ರಾಯಬಾಗ ತಾಲ್ಲೂಕಿನ ಮಾಳು ನಿಪನಾಳರಂಥ ಗಾಯಕರು ನಾಡಿಗೆಲ್ಲ ಪರಿಚಿತರಾದದ್ದು ಹೀಗೆ. ಅವರು ಹಾಡುವುದು ನಾವು ಮನೆಯಲ್ಲಿ ಆಡುವ ಕನ್ನಡ. ಶಾಲೆಯಲ್ಲಿ ತಿದ್ದಿಸಿಕೊಂಡ ಮಾತಿಗೆ ಇಷ್ಟು ದೊಡ್ಡ ಕೇಳುಗರ ಬಳಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಆದರೆ ನನ್ನ ಎರಡನೆಯ ಪ್ರಶ್ನೆ ಹಾಗೇ ಇದೆ. ತಾಮ್ರ ಹದಿನೈದು ಶತಮಾನ ತಾಳಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ನಮ್ಮ ಹುಡುಗರು ಅದರಲ್ಲಿ ಹಾಕಿದ್ದ ಹಾಡು, ಕುಣಿತ, ನಗೆ ಒಮ್ಮೆಲೇ ಕಣ್ಣಿಗೆ ಸಿಗದಾದವು. ಕಂಪನಿಯ ಸರ್ವರು ನಮ್ಮ ಭಂಡಾರವಲ್ಲ. ಅಲ್ಲಿ ಮುಂದೆ ಬರುವುದು ಹೆಚ್ಚು ಜನ ನೋಡಿದ್ದು. ರಾತ್ರಿಯಿಡೀ ನಡೆಯುವ ಪಾರಿಜಾತಕ್ಕೆ ಅಲ್ಲಿ ಒಂದು ನಿಮಿಷದ ತುಣುಕಿನ ಜಾಗ.

ಖಾನಾಪುರದಲ್ಲಿ ಹೀಗೆ ಮಾತು ಉಳಿಸುವ ಕೆಲಸ ಇನ್ನೂ ಅವಸರದ್ದು. ಕನ್ನಡ, ಮರಾಠಿ, ಕೊಂಕಣಿ ಮೂರೂ ಅಲ್ಲಿನ ಮನೆಮಾತು. ಭೀಮಗಡದ ಕಾಡೊಳಗಿನ ಹಳ್ಳಿಗಳಿಗೆ ನೆಟ್‌ವರ್ಕೇ ಸರಿಯಾಗಿ ಮುಟ್ಟಿಲ್ಲ; ಅವುಗಳಲ್ಲೊಂದಾದ ತಳೇವಾಡಿಯ ಕುಟುಂಬಗಳು ಪರಿಹಾರ ಪಡೆದು ಕಾಡು ಬಿಡತೊಡಗಿವೆ. ಊರು ಚದುರಿದರೆ ಕೂಡಿ ಹಾಡುವವರೂ ಚದುರುತ್ತಾರೆ.

ಆದ್ದರಿಂದ ಇಲ್ಲಿ ಕುಳಿತ ತರುಣರಲ್ಲಿ ನನ್ನ ಬೇಡಿಕೆ ಇಷ್ಟು. ರಜೆಯಲ್ಲಿ ಖಾನಾಪುರದ ಹಳ್ಳಿಗಳಿಗೆ ಹೋಗಿ. ಹಿರಿಯರ ಒಪ್ಪಿಗೆ ಪಡೆದು ಅವರ ಹಾಡು, ಕಥೆ, ಗಿಡಮೂಲಿಕೆಯ ತಿಳಿವಳಿಕೆ ರೆಕಾರ್ಡ್ ಮಾಡಿ, ಯಾವ ಭಾಷೆಯಲ್ಲಿದ್ದರೂ ಸರಿ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿ. ಒಂದು ಪ್ರತಿ ಆ ಮನೆಗೇ ಕೊಡಿ, ಇನ್ನೊಂದು ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ. ಅವರು ಒಪ್ಪಿದರೆ ಮೂರನೆಯದು ವಿಕಿಮೀಡಿಯ ಕಾಮನ್ಸಿಗೆ. ಅರಸರು ತಮ್ಮ ಮಾತು ಉಳಿಸಲು ತಾಮ್ರ ತಂದರು. ಉತ್ತವರ ಮಾತು ಉಳಿಸುವ ಸಾಧನ ಮೊದಲ ಬಾರಿಗೆ ಉತ್ತವರ ಮಕ್ಕಳ ಕೈಗೇ ಬಂದಿದೆ, ಅದನ್ನು ಬಳಸೋಣ.