ಮಾತು ಸಿಗದ ಮಗಳು

(ತಾಲ್ಲೂಕಿನ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ವರದಕ್ಷಿಣೆ ವಿಷಯ ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ವರದಕ್ಷಿಣೆ ಕೇಳಿದವರ ಬಗ್ಗೆ ಮಾತಾಡುವವರು ಬಹಳ ಮಂದಿ ಇದ್ದಾರೆ. ನಾನು ಕೊಟ್ಟವಳು. ಅದೂ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟವಳು. 1961ರ ಕಾಯಿದೆಯಲ್ಲಿ ಕೊಡುವುದೂ ಅಪರಾಧವೇ ಎಂದು ನನಗೆ ತಿಳಿದಿತ್ತು, ಆದರೂ ಕೊಟ್ಟೆ. ಯಾಕೆ ಎಂದು ಹೇಳಬೇಕಾದರೆ ಮಗಳ ಜ್ವರದಿಂದ ಶುರು ಮಾಡಬೇಕು.

ನಮ್ಮದು ಕೋಲಾರದ ಕಡೆಯ ಹಳ್ಳಿ. ಕೆರೆ ಕೆಳಗೆ ಗದ್ದೆ, ಊರಾಚೆ ಹಂದಿಗಳು. 2004ರ ಮಳೆಗಾಲ ಮುಗಿಯುವ ಹೊತ್ತಿಗೆ 12 ವರ್ಷದ ಮಗಳಿಗೆ ಜ್ವರ ಬಂತು. ಮೂರನೇ ದಿನ ಫಿಟ್ಸ್, ಆಮೇಲೆ ಪ್ರಜ್ಞೆಯಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುವುದರಲ್ಲಿ ಒಂದಿಡೀ ದಿನ ಕಳೆದೆವು. ದೊಡ್ಡಾಸ್ಪತ್ರೆಯಲ್ಲಿ ಮೆದುಳು ಜ್ವರ ಎಂದರು. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆ, ಹಂದಿ ಮತ್ತು ಕೊಕ್ಕರೆಯಂಥ ಹಕ್ಕಿಗಳಿಂದ ವೈರಸ್ ಹೊತ್ತು ತಂದು ನಮ್ಮ ಮಕ್ಕಳಿಗೆ ಕೊಡುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ವೈರಸ್ ಹೊಕ್ಕ ಬಹುತೇಕರಿಗೆ ಏನೂ ಆಗುವುದಿಲ್ಲ. ಆದರೆ ಮೆದುಳಿಗೆ ಏರಿತೋ, ನೂರಕ್ಕೆ 30 ಜನರವರೆಗೆ ಸಾಯುತ್ತಾರೆ. ಬದುಕಿ ಉಳಿದವರಲ್ಲೂ ನೂರಕ್ಕೆ 20ರಿಂದ 30 ಜನರಿಗೆ ಕೈಕಾಲು, ಮಾತು, ನೆನಪು, ಬುದ್ಧಿ ಯಾವುದರಲ್ಲಾದರೂ ಊನ ನಿಂತುಬಿಡುತ್ತದೆ.

ಮಗಳು ಬದುಕಿದಳು. ನಡೆದಳು, ಉಂಡಳು, ನೋಡುವುದಕ್ಕೆ ಮೊದಲಿನಂತೆಯೇ ಇದ್ದಳು. ಅದೇ ನಮಗೆ ಮೋಸ ಮಾಡಿದ್ದು. ಚೊಂಬು ಎನ್ನುವ ಮಾತು ಬಾಯಿಗೆ ಬಾರದು, “ಅದೂ... ನೀರು ಕುಡಿಯೋದು” ಎನ್ನುವಳು. ಪೊರಕೆ ಎನ್ನಲು ಹೋಗಿ ಬಾಚಣಿಗೆ ಎನ್ನುವಳು. ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದು ಮಾತ್ರ ತಲೆಯಲ್ಲಿ ಉಳಿಯುತ್ತಿತ್ತು. ಬೆಳಿಗ್ಗೆ ಚೆನ್ನಾಗಿಯೇ ಮಾತಾಡಿದವಳು ಸಂಜೆಗೆ ದಣಿದು ಸುಮ್ಮನೆ ಕೂರುತ್ತಿದ್ದಳು. ಜೋರು ಮಾಡಿ ಕೇಳಿದರೆ ಇದ್ದ ಮಾತೂ ಹೋಗುತ್ತಿತ್ತು. ಶಾಲೆಯಲ್ಲಿ ಸೋಮಾರಿ ಎಂದರು, ಬಿಡಿಸಿದೆವು. ಇಂಥ ಮಕ್ಕಳಿಗೆ ಮಾತಿನ ತರಬೇತಿ ಕೊಡುತ್ತಾರೆ, ಮೈಸೂರಿನಲ್ಲಿ ಅದಕ್ಕೆಂದೇ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಚಿಂತೆಯೇ ಬೇರೆ: ಊರಿಗೆ ಗೊತ್ತಾದರೆ ಮದುವೆ ಹೇಗೆ?

2012ರಲ್ಲಿ ಗಂಡು ಬಂತು. ಹುಡುಗಿಗೆ ನಾಚಿಕೆ, ಮಾತು ಕಡಿಮೆ ಎಂದೆವು. ಅವರಿಗೆ ಅದೇ ಹಿಡಿಸಿತು. ಎದುರು ಮಾತಾಡದ ಸೊಸೆ ಯಾರಿಗೆ ಬೇಡ, ಹೇಳಿ! ಅವರು 50 ಗ್ರಾಂ ಚಿನ್ನ ಕೇಳಿದರು, ನಾನೇ 80 ಎಂದೆ. ಬೈಕೂ ಸೇರಿಸಿದೆ. ಹೆಚ್ಚು ಕೊಟ್ಟರೆ ಹೆಚ್ಚು ಪ್ರಶ್ನೆ ಕೇಳುವುದಿಲ್ಲ ಎಂಬ ಲೆಕ್ಕ ನನ್ನದು. ಹಸು ತರುತ್ತೇನೆಂದು ಸಂಘದಲ್ಲಿ ಸಾಲ ಎತ್ತಿದೆ. ಹಸು ಬರಲಿಲ್ಲ. ಸಂಘದವರು ಕೊಟ್ಟಿಗೆ ನೋಡಲು ಬರಲಿಲ್ಲ, ಮದುವೆ ಊಟಕ್ಕೆ ಬಂದರು.

ಫಿಟ್ಸ್ ಮಾತ್ರೆಯನ್ನು ಅರಿಶಿನದ ಡಬ್ಬಿಯಲ್ಲಿ ಬಚ್ಚಿಟ್ಟು ಕಳಿಸಿದೆ. ನೆನಪಿನ ತೊಂದರೆ ಇದ್ದವಳಿಗೆ ಕದ್ದು ಮಾತ್ರೆ ನುಂಗು ಎಂದು ಹೇಳಿದ ತಾಯಿ ನಾನು.

ಅತ್ತೆಮನೆಯಲ್ಲಿ ಉಪ್ಪು ತಾ ಎಂದರೆ ಸಕ್ಕರೆ ತಂದಳು, ಹೊಡೆದರು. ಗಂಡ ಒಂದರ ಹಿಂದೆ ಒಂದು ಪ್ರಶ್ನೆ ಕೇಳುವನು. ಇವಳಿಗೆ ಉತ್ತರ ಸಿಗದು. ಅದನ್ನು ಸೊಕ್ಕು ಎಂದು ಹೊಡೆದನು. ಒಂದು ಸಂಜೆ ಫೋನು ಬಂತು. “ಅಮ್ಮಾ, ಕೈ ಮೇಲೆ ನೀರು, ನೀರು” ಎಂದಳು. “ಒರೆಸಿಕೊಳ್ಳೇ” ಎಂದೆ ನಾನು. ಎಂಟು ದಿನ ಬಿಟ್ಟು ಹೋಗಿ ನೋಡಿದರೆ ಮೊಣಕೈವರೆಗೆ ಸುಟ್ಟ ಗಾಯ. ಬೆಂಕಿ ಎಂಬ ಮಾತು ಅವಳಿಗೆ ಸಿಕ್ಕಿರಲಿಲ್ಲ.

ಆ ದಿನವೇ ಕರೆದುಕೊಂಡು ಬಂದೆ.

ಠಾಣೆಯಲ್ಲಿ ಯಾವ ತಾರೀಖು, ಎಷ್ಟು ಗಂಟೆ, ಯಾರು ಮೊದಲು ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ಬುದ್ಧಿ ಸರಿಯಿಲ್ಲದವಳ ಮಾತು ನಡೆಯುವುದಿಲ್ಲ ಎಂದು ಪುಸ್ತಕ ಮುಚ್ಚಿದರು. ದಾರಿ ತೋರಿಸಿದವಳು ನಮ್ಮ ಸಂಘದ ಒಬ್ಬ ಅಕ್ಕ. ಮೂರು ದಿನ, ಬೆಳಗಿನ ಹೊತ್ತು ಮಾತ್ರ, ಮಗಳ ಜೊತೆ ಕೂತಳು. ತಾರೀಖು ಕೇಳಲಿಲ್ಲ, ಗೌರಿ ಹಬ್ಬಕ್ಕೆ ಮುಂಚೆಯೋ, ಆಮೇಲೋ ಎಂದು ಕೇಳಿದಳು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರ ಬರುವವರೆಗೆ ಸೊಪ್ಪು ಸೋಸುತ್ತಾ ಕೂತಿರುತ್ತಿದ್ದಳು. ಮಗಳು ಒಲೆಯ ಮುಂದೆ ಕೂತು, ಯಾರು ಕೈ ಹಿಡಿದರು, ಹೇಗೆ ಒತ್ತಿದರು ಎಂದು ಮಾಡಿ ತೋರಿಸಿದಳು. ನೆನಪೆಲ್ಲ ಇತ್ತು. ಮಾತು ಇರಲಿಲ್ಲ, ಅಷ್ಟೆ.

ಅದನ್ನೇ ಬರೆದು ಸಿಡಿಪಿಒ ಕಚೇರಿಗೆ ಕೊಟ್ಟೆವು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ನೊಂದವಳೇ ಬಂದು ಹೇಳಬೇಕೆಂದಿಲ್ಲ. ತಿಳಿದ ಯಾರಾದರೂ ರಕ್ಷಣಾಧಿಕಾರಿಗೆ ಹೇಳಬಹುದು. ಇನ್ನೊಂದು ಮಾತು ನೆನಪಿಡಿ. ಬಾಯಿಂದ ಹೇಳಲಾರದ ಸಾಕ್ಷಿ ಸನ್ನೆಯಿಂದಲೋ, ಬರೆದೋ ಹೇಳಿದರೂ ಅದು ಸಾಕ್ಷ್ಯವೇ. ನ್ಯಾಯಾಲಯವು ವಿಶೇಷ ಶಿಕ್ಷಕರ ಅಥವಾ ದುಭಾಷಿಯ ನೆರವು ಪಡೆದು, ವಿಡಿಯೋ ಮಾಡಿ ಹೇಳಿಕೆ ತೆಗೆದುಕೊಳ್ಳಬೇಕೆಂದು 2013ರಲ್ಲೇ ಸೇರಿಸಿದರು. ಈಗಿನ 2023ರ ಸಾಕ್ಷ್ಯ ಕಾಯಿದೆಯ 125ನೇ ಕಲಮಿನಲ್ಲೂ ಅದು ಇದೆ. ನಡೆಯುವುದಿಲ್ಲ ಎಂದವರಿಗೆ ಈ ನಂಬರು ಹೇಳಿ.

ಮೆದುಳು ಜ್ವರಕ್ಕೆ ಈಗ ಲಸಿಕೆ ಇದೆ. ನಮ್ಮ ರಾಜ್ಯದಲ್ಲಿ 2006ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಶುರು ಮಾಡಿದರು. ಈ ಕಾಯಿಲೆ ಇರುವ ಜಿಲ್ಲೆಗಳಲ್ಲಿ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಬಿಟ್ಟಿಯಾಗಿ ಹಾಕುತ್ತಾರೆ. ತಾಯಿ ಕಾರ್ಡಿನಲ್ಲಿ ಎರಡೂ ಬಿದ್ದಿದೆಯೇ ನೋಡಿ. ನನ್ನ ಮಗಳ ಕಾಲಕ್ಕೆ ಅದು ಬಂದಿರಲಿಲ್ಲ.

ಸಂಘದ ಸಾಲ ತೀರಿಸಲು ನನಗೆ ನಾಲ್ಕು ವರ್ಷ ಹಿಡಿಯಿತು. ಆಮೇಲೆ ನಿಜವಾಗಿಯೂ ಹಸು ತಂದೆ. ಅದನ್ನು ನೋಡಿಕೊಳ್ಳುವವಳು ಅವಳೇ. ಡೈರಿಯಲ್ಲಿ ಹಾಲಿನ ಲೆಕ್ಕವನ್ನು ಚೀಟಿ ನೋಡಿ ಒಪ್ಪಿಸುತ್ತಾಳೆ. ಅಪ್ಪಿತಪ್ಪಿ ಹಸುವನ್ನು ಎಮ್ಮೆ ಎಂದರೆ ಅವಳೇ ನಗುತ್ತಾಳೆ.

ಇವತ್ತು ನನ್ನ ಜೊತೆ ಬಂದಿದ್ದಾಳೆ. ಅಗೋ, ಕಿಟಕಿ ಹತ್ತಿರ, ಹಸಿರು ಸೀರೆ. ಊಟದ ಹೊತ್ತಿನಲ್ಲಿ ಹೋಗಿ ಮಾತಾಡಿಸಿ. ಹೆಸರು ಕೇಳಿ, ಕೇಳಿದ ಮೇಲೆ ಸ್ವಲ್ಪ ಕಾಯಿರಿ.